ಜಮಖಾನೆಯ ಮೇಲಿನ ಪರೀಕ್ಷೆ

ಈ ಕೋಣೆಯಲ್ಲಿ ಡಾಕ್ಟರು ಕುರ್ಚಿಯಲ್ಲಿ ಕೂರುವುದು ಕಡಿಮೆ. ಜಿಲ್ಲಾ ಆಸ್ಪತ್ರೆಯ ಹಿಂಬದಿಯ ಕಟ್ಟಡ. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಗೋಡೆಯಿಂದ ಗೋಡೆಗೆ ಹಾಸಿದ ನೀಲಿ ಜಮಖಾನೆ. ಅದರ ಮೇಲೆ ಹಳದಿ ಲಾರಿಯೊಂದು ಮಗುಚಿ ಬಿದ್ದಿದೆ. ಮೂರೂವರೆ ವರ್ಷದ ಹುಡುಗ ಪಕ್ಕದಲ್ಲಿ ಕೆನ್ನೆಯನ್ನು ನೆಲಕ್ಕೊತ್ತಿ ಮಲಗಿ ಅದರ ಒಂದು ಚಕ್ರವನ್ನು ತಿರುಗಿಸುತ್ತಿದ್ದಾನೆ. ನಿಂತರೆ ಮತ್ತೆ ತಿರುಗಿಸುತ್ತಾನೆ. ಲಾರಿಯನ್ನು ಓಡಿಸಬೇಕು, ಮಣ್ಣು ತುಂಬಬೇಕು, ‘ಪೋಂ ಪೋಂ’ ಅನ್ನಬೇಕು ಎಂದು ಅವನಿಗೆ ಅನ್ನಿಸಿಲ್ಲ.

ಡಾಕ್ಟರಮ್ಮ ಅವನ ಬೆನ್ನ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು ಹೆಸರು ಹಿಡಿದು ಕರೆಯುತ್ತಾರೆ. ತಿರುಗುವುದಿಲ್ಲ. ಇನ್ನೊಮ್ಮೆ. ಇಲ್ಲ. ಮೂಲೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಪರಪರ ಅಂದಾಗ ಮಾತ್ರ ಗಕ್ಕನೆ ತಲೆ ಎತ್ತುತ್ತಾನೆ. ಕಿವಿ ಕೇಳುತ್ತಿದೆ; ಆದರೂ ಕಿವಿಯ ಪರೀಕ್ಷೆ ಬಿಡುವಂತಿಲ್ಲವೆಂದು ಫೈಲಿನಲ್ಲಿ ಬರೆದುಕೊಳ್ಳುತ್ತಾರೆ. ಹುಡುಗ ಎದ್ದು ಅಮ್ಮನ ಬಳಿ ಬರುತ್ತಾನೆ. ಮುಖ ನೋಡುವುದಿಲ್ಲ. ಮಣಿಕಟ್ಟು ಹಿಡಿದು ಎಳೆದೊಯ್ದು ಅವಳ ಕೈಯನ್ನೇ ಪೊಟ್ಟಣದ ಮೇಲೆ ಇಡುತ್ತಾನೆ, ಇಕ್ಕಳದಿಂದ ಪಾತ್ರೆ ಹಿಡಿದ ಹಾಗೆ.

ಡಾಕ್ಟರಮ್ಮನ ಪೆನ್ನು ನಿಂತದ್ದು ಅಲ್ಲಿ. ಒಂದೂವರೆ ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಮಕ್ಕಳು ಬೆರಳು ಚಾಚಿ ಕಾಗೆಯನ್ನೋ ಚಂದಮಾಮನನ್ನೋ ತೋರಿಸಿ, ಅಮ್ಮನೂ ನೋಡಿದಳೇ ಎಂದು ತಿರುಗಿ ಅವಳ ಮುಖ ನೋಡುತ್ತವೆ. ಬೇಕಾದದ್ದನ್ನು ಕೇಳುವುದಕ್ಕಲ್ಲ, ಕಂಡದ್ದನ್ನು ಹಂಚಿಕೊಳ್ಳುವುದಕ್ಕೆ. ಮಾತಿಗಿಂತ ಮುಂಚೆ ಹುಟ್ಟುವ ಮಾತು ಅದು. ಈ ಹುಡುಗನಲ್ಲಿ ಅದಿನ್ನೂ ಹುಟ್ಟಿಲ್ಲ. ರಕ್ತ ತೆಗೆದೋ ತಲೆಯ ಸ್ಕ್ಯಾನ್ ಮಾಡಿಯೋ ಆಟಿಸಂ ಹೌದು, ಅಲ್ಲ ಎಂದು ಹೇಳಲು ಬರುವುದಿಲ್ಲ. ಹೀಗೆ ನೆಲಕ್ಕೆ ಕೂತು ನೋಡಬೇಕು, ಮನೆಯವರ ಮಾತನ್ನು ಪೂರ್ತಿ ಕೇಳಬೇಕು.

“ವರ್ಷ ತುಂಬಿದಾಗ್ಲೇ ನಂಗೆ ಅನುಮಾನ ಮೇಡಂ. ಎತ್ಕೊಂಡ್ರೂ ನನ್ನ ಮುಖ ನೋಡ್ತಿರ್ಲಿಲ್ಲ.”

“ಇವರಪ್ಪಂಗೂ ಮಾತು ಬಂದಿದ್ದು ನಾಕು ತುಂಬಿದ ಮೇಲೇ ಕಣವ್ವಾ,” ಪಕ್ಕದಲ್ಲಿ ಕೂತ ಅತ್ತೆ ತಡೆಯುತ್ತಾರೆ. ಮನೆಯಲ್ಲಿ ಬಜೆ ತೇಯ್ದು ನಾಲಿಗೆಗೆ ಸವರಿದ್ದಾಗಿದೆ, ಅಂತ್ರ ಕಟ್ಟಿಸಿದ್ದಾಗಿದೆ. ಮಕ್ಕಳ ತಪಾಸಣೆಗೆ ಅಂಗನವಾಡಿಗೆ ಬಂದ ತಂಡ ಚೀಟಿ ಬರೆದುಕೊಟ್ಟ ಮೇಲೆ ಶಿರಾ ಕಡೆಯ ಈ ಕುಟುಂಬ ಬಸ್ಸು ಹತ್ತಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅದು. ತಾಯಿಯ ಅನುಮಾನಕ್ಕೂ ಆ ಚೀಟಿಗೂ ನಡುವೆ ಎರಡೂವರೆ ವರ್ಷ ಕಳೆದಿದೆ. ನನ್ನನ್ನು ಚುಚ್ಚುವುದು ಆ ಎರಡೂವರೆ ವರ್ಷ. ಮೊದಲು ಕಂಡವಳು ಅವಳು. ಅವಳ ಮಾತನ್ನೇ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮನಶ್ಶಾಸ್ತ್ರಜ್ಞೆ ಒಂದು ನಮೂನೆ ತೆಗೆಯುತ್ತಾರೆ. ಭಾರತದ ಮಕ್ಕಳಿಗೆಂದೇ ಮಾಡಿದ ಆಟಿಸಂ ಮಾಪಕ. 40 ಅಂಶ, ಒಂದೊಂದಕ್ಕೆ 1ರಿಂದ 5ರವರೆಗೆ ಅಂಕ. ಕಣ್ಣಿಗೆ ಕಣ್ಣು ಸೇರಿಸುತ್ತಾನೆಯೇ, ಆಡಿದ ಮಾತನ್ನೇ ಮತ್ತೆ ಮತ್ತೆ ಆಡುತ್ತಾನೆಯೇ, ದಿನದ ಕ್ರಮ ಬದಲಾದರೆ ರಂಪ ಮಾಡುತ್ತಾನೆಯೇ. ಮೊತ್ತ 70 ಮುಟ್ಟಿದರೆ ಆಟಿಸಂ. ಅಲ್ಲಿಂದ ಮೇಲಕ್ಕೆ ತೀವ್ರತೆಯ ಲೆಕ್ಕ. ಕೂಡಿ ಮುಗಿದ ಮೇಲೆ ಆ ಪದವನ್ನು ಡಾಕ್ಟರಮ್ಮ ಮೆಲ್ಲಗೆ ಹೇಳುತ್ತಾರೆ. ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ.

“ನಾನು ಮೊಬೈಲ್ ಕೊಟ್ಟಿದ್ದಕ್ಕೇ ಹಿಂಗಾಯ್ತಾ?”

“ಮೊಬೈಲ್ ಬಿಡಿಸಿ, ಅದು ಒಳ್ಳೇದೇ. ಆದ್ರೆ ಇದು ಅದರಿಂದ ಬಂದಿದ್ದಲ್ಲಮ್ಮ. ನಿಮ್ಮಿಂದ ಬಂದಿದ್ದಂತೂ ಅಲ್ವೇ ಅಲ್ಲ.”

ಈ ಆಪಾದನೆಯನ್ನು ವೈದ್ಯಶಾಸ್ತ್ರವೇ ಒಂದು ಕಾಲದಲ್ಲಿ ತಾಯಂದಿರ ತಲೆಗೆ ಕಟ್ಟಿತ್ತು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೊ ಕ್ಯಾನರ್ 11 ಮಕ್ಕಳ ಕಥೆ ಬರೆದು ಈ ಸ್ಥಿತಿಯನ್ನು ಗುರುತಿಸಿದಾಗ, ಅವರ ತಂದೆತಾಯಿಯರಲ್ಲಿ ಅಕ್ಕರೆ ಕಡಿಮೆ ಎಂಬ ಮಾತೂ ಜೊತೆಗೆ ಬಂತು. ‘ರೆಫ್ರಿಜರೇಟರ್ ತಾಯಿ’ ಎಂಬ ಕ್ರೂರ ಹೆಸರು ಮುಂದೆ ವರ್ಷಗಟ್ಟಲೆ ನಡೆಯಿತು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ತಮ್ಮ ಪುಸ್ತಕದಲ್ಲಿ ಅದನ್ನು ಎದುರಿಸಿ, ಇದು ಮಿದುಳಿನ ಬೆಳವಣಿಗೆಯ ವಿಷಯವೆಂದು ವಾದಿಸಿದರು. ಅವರು ಮನಶ್ಶಾಸ್ತ್ರಜ್ಞ, ಜೊತೆಗೆ ಆಟಿಸಂ ಇದ್ದ ಹುಡುಗನ ಅಪ್ಪ. ವಂಶವಾಹಿಗಳ ಪಾಲು ದೊಡ್ಡದೆಂದು ಇವತ್ತು ಗೊತ್ತಿದೆ. ಆದರೂ ಆ ಹಳೆಯ ಆಪಾದನೆ ಶಿರಾ ಕಡೆಯ ಹಟ್ಟಿಯಲ್ಲಿ ಬೇರೆ ರೂಪದಲ್ಲಿ ಬದುಕಿದೆ.

ಪಕ್ಕದ ಕೋಣೆಯಿಂದ ಓದುವ ದನಿ ಕೇಳುತ್ತದೆ. ನಾಲ್ಕನೇ ತರಗತಿಯ ಹುಡುಗಿ. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾಳೆ, ‘ಅಕ್ಕ’ ಹೋಗಿ ‘ಅಕ’ ಆಗುತ್ತದೆ. ಪುಸ್ತಕ ಮುಚ್ಚಿಸಿ ಕಥೆ ಹೇಳು ಅಂದರೆ ಹೊತ್ತು ಮುಳುಗುವ ತನಕ ಹೇಳಬಲ್ಲಳು. ಅವಳಿಗೆ ಕೊಡುತ್ತಿರುವುದು ಬಿನೆ–ಕಾಮತ್ ಬುದ್ಧಿಮಟ್ಟದ ಪರೀಕ್ಷೆ. ಬಿನೆಯ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗಾಗಿ ತಿದ್ದಿ 1934ರಲ್ಲಿ ಪ್ರಕಟಿಸಿದವರು ವಿ.ವಿ. ಕಾಮತ್. ಬುದ್ಧಿ ಚುರುಕಾಗಿದ್ದೂ ಅಕ್ಷರ ಒಲಿಯದ ಇಂಥ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡಿದೆ. ‘ದಡ್ಡಿ’ ಅನ್ನಿಸಿಕೊಂಡೇ ಈ ಹುಡುಗಿ ನಾಲ್ಕನೇ ತರಗತಿ ಮುಟ್ಟಿದ್ದಾಳೆ.

“ಮಾತು ಬರೋಕೆ ಮಾತ್ರೆ, ಟಾನಿಕ್ ಏನೂ ಇಲ್ವಾ ಮೇಡಂ?” ಈ ಕಡೆ ತಾಯಿ ಕೇಳುತ್ತಾಳೆ.

ಇಲ್ಲ. ಒಂದೆಡೆ ನಿಲ್ಲದ, ಗಮನ ಹಿಡಿಯದ ಮಕ್ಕಳಿಗೆ ಮೀಥೈಲ್‌ಫೆನಿಡೇಟ್‌ನಂಥ ಮಾತ್ರೆ ನೆರವಾಗುತ್ತದೆ. ಆಟಿಸಂಗೆ ಹಾಗೆ ಮಾತು ತರಿಸುವ ಔಷಧವಿಲ್ಲ. ಡಾಕ್ಟರಮ್ಮ ಒಂದು ಬಿಸ್ಕತ್ತನ್ನು ತಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು “ಬಿಸ್ಕತ್ತು” ಎಂದು ಒಂದೇ ಪದ ಹೇಳಿ ಸುಮ್ಮನಾಗುತ್ತಾರೆ. ಒಂದು, ಎರಡು, ಮೂರು... ಹುಡುಗನ ಕಣ್ಣು ಬಿಸ್ಕತ್ತಿಗೆ ಬಂದು, ಅಲ್ಲಿಂದ ಜಾರಿ ಅರೆಕ್ಷಣ ಅವರ ಮುಖಕ್ಕೆ ತಾಗುತ್ತದೆ. ಕೂಡಲೇ ಕೊಟ್ಟುಬಿಡುತ್ತಾರೆ.

“ಉಯ್ಯಾಲೆ ತೂಗ್ವಾಗ್ಲೂ ಹೀಗೇ. ನಡುವೆ ನಿಲ್ಸಿ, ‘ತೂಗು’ ಅಂತ ಹೇಳಿ, ಕಾಯಿರಿ. ಸ್ನಾನಕ್ಕೆ, ಊಟಕ್ಕೆ, ಎಲ್ಲದಕ್ಕೂ. ನಾನು ನೋಡೋದು ವಾರಕ್ಕೊಂದು ಗಂಟೆ, ಮಿಕ್ಕಿದ್ದೆಲ್ಲ ನಿಮ್ಮ ಹತ್ರಾನೇ ಇರೋದು.”

ಮಧ್ಯಾಹ್ನ ಹೊರಗಿನ ಜಗಲಿಯಲ್ಲಿ ಅವರು ಮತ್ತೆ ಸಿಕ್ಕರು. ಬಸ್ಸಿಗಿನ್ನೂ ಹೊತ್ತಿತ್ತು. ಹುಡುಗ ಅಮ್ಮನ ಮಣಿಕಟ್ಟು ಹಿಡಿದು ಚೀಲದ ಕಡೆ ಎಳೆಯುತ್ತಿದ್ದ. ಅವಳು ಬಿಸ್ಕತ್ತು ತೆಗೆದು ಕಣ್ಣಿನ ಮಟ್ಟಕ್ಕೆ ಹಿಡಿದಳು. ಅವನು ಕಿರುಚಿದ. ಬೆಂಚಿನ ಜನರೆಲ್ಲ ತಿರುಗಿ ನೋಡಿದರು.

“ಕೊಟ್ಟುಬಿಡೇ, ಪಾಪ ಹಸಿದೈತೆ.”

“ಇರಿ ಅತ್ತೆ.”

ಅವಳ ಕೈ ನಡುಗುತ್ತಿತ್ತು, ಇಳಿಯಲಿಲ್ಲ. ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೊಣಕಾಲಿಗೆ ಕೈಯೂರಿ, ಮೊಮ್ಮಗನ ಎದುರು ನೆಲಕ್ಕೆ ಕೂತು, “ಬಿ...” ಅಂದರು. ಸುಮ್ಮನಾದರು. ಮತ್ತೆ, “ಬಿ...”