ಕೃತಿಸಂಪುಟದಲ್ಲಿ ಧ್ವನಿಯ ಸ್ಥಾನ

ವಿದ್ಯಾರ್ಥಿಯ ಬರಹ, ಚಿತ್ರ, ಮಾತುಗಳನ್ನು ಕಾಲಾನುಕ್ರಮದಲ್ಲಿ ಕಾಯ್ದಿರಿಸುವ ಡಿಜಿಟಲ್ ಕೃತಿಸಂಪುಟವು ಹೊರನಾಡಿನ ಕನ್ನಡ ತರಗತಿಗಳಿಗೆ ವಿಶೇಷವಾಗಿ ಉಪಯುಕ್ತವಾದುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರಗತಿಪತ್ರದಲ್ಲಿ ಕೃತಿಸಂಪುಟಕ್ಕೂ ಸ್ವಮೌಲ್ಯಮಾಪನಕ್ಕೂ ಎಡೆಗೊಟ್ಟಿದೆ.

ಮುಂಬಯಿಯ ಮಗು ಕನ್ನಡದೊಡನೆ ದೇವನಾಗರಿಯನ್ನೂ ಕಲಿಯುತ್ತದೆ. ಮರಾಠಿ ಬರವಣಿಗೆಯಲ್ಲಿ ಎ-ಏ, ಒ-ಓಗಳ ಹ್ರಸ್ವ-ದೀರ್ಘ ಭೇದವಿಲ್ಲ. ಆ ಮಗು 'ಕೊಡು' ಎಂಬಲ್ಲಿ 'ಕೋಡು' ಎಂದು ಬರೆದಾಗ ಉತ್ತರಪತ್ರಿಕೆಯಲ್ಲಿ ಅಂಕ ಕಳೆಯಬಹುದು, ಕಾರಣವನ್ನು ಅರಿಯಲಾಗದು. ಬರಹದ ಪಕ್ಕದಲ್ಲಿ, ಅದೇ ಮಗು ಚಿತ್ರ ನೋಡಿ ಆಡಿದ ಮಾತಿನ ಧ್ವನಿಮುದ್ರಣವಿದ್ದರೆ ಕಾರಣ ಕಿವಿಗೇ ತಿಳಿಯುತ್ತದೆ. ನುಡಿಯಲ್ಲಿ ಹ್ರಸ್ವ ಸರಿಯಿದ್ದರೆ ತೊಡಕು ಲಿಪಿಯದು, ಭಾಷೆಯದಲ್ಲ. ಕಾಗುಣಿತದ ಅಭ್ಯಾಸ ಸಾಕು. ನುಡಿಯಲ್ಲೂ ತಪ್ಪಿದ್ದರೆ ಕೇಳಿಸಿ ಆಡಿಸುವ ಪಾಠ ಬೇಕು. ಎರಡಕ್ಕೂ ಹತ್ತು ಬಾರಿ ಬರೆಸುವುದೇ ಮದ್ದೆಂಬ ನಂಬಿಕೆ ಮಾತ್ರ ಇನ್ನೂ ಅಳಿದಿಲ್ಲ!

ತಿದ್ದಿದ ಶುದ್ಧಪ್ರತಿಗಳನ್ನಷ್ಟೇ ಸೇರಿಸಿದರೆ ಸಂಪುಟವು ಬರಿಯ ಪ್ರದರ್ಶನವಾದೀತು. ಮೊದಲ ಕರಡನ್ನೂ ದಿನಾಂಕಸಹಿತ ಇರಿಸಿ, ಏನನ್ನು ಏಕೆ ತಿದ್ದಿದೆನೆಂದು ಮಗುವಿನಿಂದಲೇ ಒಂದೆರಡು ವಾಕ್ಯ ಬರೆಸಬೇಕು. ಇದಕ್ಕೆ ದುಬಾರಿ ತಂತ್ರಾಂಶವೇನೂ ಬೇಡ. ಧ್ವನಿಮುದ್ರಿಸಬಲ್ಲ ಮೊಬೈಲ್ ಫೋನ್, ಮಗುವಿಗೊಂದು ಪ್ರತ್ಯೇಕ ಕಡತ ಸಾಕು.