ನಾಬ್ ತಿರುಗಿಸಲು ಸರಳೆ ವರಸೆ ಬೇಕೆ?

ಸಂಗೀತವನ್ನು ಕ್ರಮವಾಗಿ ಕಲಿತವರು ಎಲೆಕ್ಟ್ರಾನಿಕ್ ಸಂಗೀತಕ್ಕೆ ಬಂದರೆ ಹೊಸದೇನನ್ನೂ ಮಾಡಲಾರರು, ಕಲಿತ ನಿಯಮಗಳೇ ಅವರ ಕೈ ಕಟ್ಟುತ್ತವೆ ಎಂಬ ಮಾತಿದೆ. ಅದನ್ನು ಒರೆಗೆ ಹಚ್ಚಲು ಒಂದು ಯಂತ್ರದ ಕಥೆ ಒಳ್ಳೆಯ ಆರಂಭ.

ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ಟಿಬಿ-303 ಎಂಬ ಬೆಳ್ಳಿಬಣ್ಣದ ಪುಟ್ಟ ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟಿತು. ಒಬ್ಬರೇ ಕೂತು ಗಿಟಾರ್ ನುಡಿಸುವವರಿಗೆ ಬೇಸ್ ಪಕ್ಕವಾದ್ಯ ಒದಗಿಸುವುದು ಅದರ ಕೆಲಸ. ದನಿ ಮಾತ್ರ ಬೇಸ್ ಗಿಟಾರಿನ ಹತ್ತಿರಕ್ಕೂ ಸುಳಿಯಲಿಲ್ಲ. ಹೆಚ್ಚು ಜನ ಕೊಳ್ಳಲಿಲ್ಲ. 1984ರಲ್ಲಿ ತಯಾರಿಕೆಯೇ ನಿಂತಿತು.

ಮುಂದೆ ಷಿಕಾಗೊದ ಫ್ಯೂಚರ್ ಎಂಬ ತಂಡದ ಕೈಗೆ ಅಂಥದೊಂದು ಪೆಟ್ಟಿಗೆ ಸಿಕ್ಕಿತು. ಆ ಹುಡುಗರು ಡಿಜೆಗಳ, ನೃತ್ಯ ಕ್ಲಬ್‌ಗಳ ಲೋಕದವರು. ಒಂದೇ ಸ್ವರಗುಚ್ಛ ಸುತ್ತುತ್ತಿರುವಾಗ ಫಿಲ್ಟರಿನ ನಾಬ್‌ಗಳನ್ನು ತಿರುಗಿಸುತ್ತ ಹೋದರು. ಮಂದವಾಗಿದ್ದ ದನಿ ಚೀರತೊಡಗಿತು, ಮರುಕ್ಷಣ ಗುಳುಗುಳು ಎಂದಿತು. ಪಲ್ಲವಿಯಿಲ್ಲ, ಚರಣವಿಲ್ಲ, ನಾದದ ಬಣ್ಣ ಬದಲಾಗುವುದೇ ಅಲ್ಲಿ ಸಂಗೀತ. 1987ರಲ್ಲಿ ಬಂದ ಅವರ ‘ಆ್ಯಸಿಡ್ ಟ್ರ್ಯಾಕ್ಸ್’ ಆ್ಯಸಿಡ್ ಹೌಸ್ ಎಂಬ ಪ್ರಕಾರಕ್ಕೇ ನಾಂದಿ ಹಾಡಿತು.

ಪಾಠ ಬೇಡ ಎನ್ನುವವರಿಗೆ ಇದು ಬಲವಾದ ಸಾಕ್ಷಿ. ಆದರೆ ಅದಕ್ಕೂ ಐದು ವರ್ಷ ಮೊದಲು, 1982ರಲ್ಲಿ, ಅದೇ 303 ಮುಂಬೈಯಲ್ಲಿ ನುಡಿದಿತ್ತು. ಹಿಂದಿ ಚಿತ್ರಗೀತೆಗಳ ವಾದ್ಯವೃಂದದಲ್ಲಿ ಪಳಗಿದ ಚರಣ್‌ಜಿತ್ ಸಿಂಗ್ ಅದಕ್ಕೆ 808 ಡ್ರಮ್ ಯಂತ್ರವನ್ನೂ ಜುಪಿಟರ್-8 ಸಿಂಥಸೈಜರನ್ನೂ ಜೋಡಿಸಿ, ಲಲಿತ್, ಯಮನ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂರಿಸಿದರು. ಸ್ವರದಿಂದ ಸ್ವರಕ್ಕೆ ಜಾರುವ ಸೌಲಭ್ಯ 303ರಲ್ಲಿದೆ. ಮೀಂಡ್ ಬಲ್ಲ ಕಿವಿಗೆ ಅದು ಹಿಡಿಸದೆ ಇದ್ದೀತೆ? ಆಗ ಆ ರೆಕಾರ್ಡನ್ನು ಕೇಳುವವರಿರಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ, ಆ್ಯಸಿಡ್ ಹೌಸ್ ಹುಟ್ಟುವ ಮೊದಲೇ ಅದರ ಛಾಯೆ ಇಲ್ಲಿ ಕೇಳುತ್ತಿದೆಯಲ್ಲ ಎಂದು ಜಗತ್ತು ಬೆರಗಾಯಿತು.

ಲಂಡನ್ನಿನ ಡೆಲಿಯಾ ಡರ್ಬಿಶೈರ್ ಅವರದು ಇನ್ನೂ ಗಟ್ಟಿ ಉದಾಹರಣೆ. ಕೇಂಬ್ರಿಜ್‌ನಲ್ಲಿ ಗಣಿತ, ಸಂಗೀತ ಎರಡನ್ನೂ ಓದಿದ ಅವರು ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪ್ ಸೇರಿದರು. 1963ರಲ್ಲಿ ರಾನ್ ಗ್ರೇನರ್ ಬರೆದ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ನಾದವಾಗಿಸುವ ಕೆಲಸ ಅವರ ಪಾಲಿಗೆ ಬಂತು. ಅಲ್ಲಿ ಸಿಂಥಸೈಜರ್ ಇರಲಿಲ್ಲ. ಮೀಟಿದ ಒಂದು ತಂತಿಯ ದನಿಯನ್ನು ಟೇಪಿಗಿಳಿಸಿ, ಓಟದ ವೇಗ ಹೆಚ್ಚು ಕಡಿಮೆ ಮಾಡಿ ಬೇಕಾದ ಸ್ವರ ಪಡೆಯಬೇಕು. ಪ್ರತಿ ಸ್ವರದ ಕಾಲಕ್ಕೆ ತಕ್ಕಷ್ಟು ಟೇಪನ್ನು ಅಳೆದು, ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕು. ಸ್ವರಜ್ಞಾನವಿಲ್ಲದವರಿಗೆ ಈ ಕೆಲಸ ಹಿಡಿತಕ್ಕೆ ಸಿಗುವುದು ಕಷ್ಟ.

ಕಲಿಯದವರ ಸ್ವಾತಂತ್ರ್ಯವನ್ನು ಹಾಡಿ ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಯಂತ್ರವೂ ಒಂದು ಪಾಠಶಾಲೆಯೇ. ಇಂದು ಬಹಳ ಜನ ಬಳಸುವ ಏಬಲ್ಟನ್ ಲೈವ್ ತಂತ್ರಾಂಶ ತೆರೆದರೆ ಮೊದಲು ಕಾಣುವುದು ನಿಮಿಷಕ್ಕೆ 120 ಬಡಿತದ ವೇಗ, ನಾಲ್ಕು ಎಣಿಕೆಯ ಆವರ್ತ. ಸ್ವರ ಕೂರಿಸಲು ಹೋದರೆ ಪಿಯಾನೊದ ಮನೆಗಳು. ಏನನ್ನೂ ಕಲಿಯದೆ ಬಂದವರು ಸ್ವತಂತ್ರರೆಂದುಕೊಂಡೇ ಈ ಚೌಕಟ್ಟಿನೊಳಗೆ ಸುತ್ತುತ್ತಿರುತ್ತಾರೆ. ತೋಡಿಯ ಗಾಂಧಾರ ಒಂದೇ ಮನೆಯಲ್ಲಿ ನಿಲ್ಲದೆ ತೂಗಾಡುತ್ತದೆಂದು ಬಲ್ಲ ಕರ್ನಾಟಕ ಸಂಗೀತದ ವಿದ್ಯಾರ್ಥಿಗೆ ಮಾತ್ರ ಅಲ್ಲಿ ಏನೋ ಕೊರತೆ ಕಾಣುತ್ತದೆ. ಪಿಚ್ ಬೆಂಡಿನಿಂದ ಆ ಗಮಕವನ್ನು ಗೆರೆ ಎಳೆದು ತರಲು ಹೊರಡುತ್ತಾನೆ. ಮಿಶ್ರಛಾಪು ಕೈಯಲ್ಲಿರುವವನು ನಾಲ್ಕನ್ನು ಏಳು ಮಾಡದೆ ಬಿಡುವುದಿಲ್ಲ.

ಕಲಿಕೆ ಅಡ್ಡಿಯಾಗುವುದೂ ಉಂಟು. ಸಿಂಥಸೈಜರನ್ನು ಪಿಟೀಲಿಗೋ ಕೊಳಲಿಗೋ ಅಗ್ಗದ ಬದಲಿಯೆಂದು ಬಗೆದು, ಸ್ವರ ಸರಿಬಂತೆ ಎಂದಷ್ಟೇ ನೋಡುವ ವಿದ್ವಾಂಸರಿಗೆ ಫ್ಯೂಚರ್ ಹುಡುಗರು ಕಂಡ ಲೋಕ ಕಾಣುವುದೇ ಇಲ್ಲ. ದೋಷ ಪಾಠದ್ದಲ್ಲ. ಸಂಗೀತವೆಂದರೆ ಸ್ವರ, ತಾಳ ಇಷ್ಟೇ, ನಾದದ ಬಣ್ಣಕ್ಕೆ ಅದರಲ್ಲಿ ಜಾಗವಿಲ್ಲ ಎಂಬ ಹಟದ್ದು.

ಹಾಗಾಗಿ ಮನೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಹಾಡು ಕಟ್ಟುವ ಮಕ್ಕಳಿದ್ದರೆ ಸಂಗೀತ ಪಾಠ ಬಿಡಿಸಬೇಡಿ. ಪಾಠ ಹೇಳುವ ಗುರುಗಳೂ ವಾರಕ್ಕೊಮ್ಮೆಯಾದರೂ ಆ ಲ್ಯಾಪ್‌ಟಾಪಿನ ಪಕ್ಕ ಕೂತು, ಶಿಷ್ಯರು ಏನು ಮಾಡುತ್ತಿದ್ದಾರೆಂದು ಕಿವಿಗೊಟ್ಟು ಕೇಳಲಿ.