ಬ್ಯಾಟರಿಯ ತಂತಿಗೆ ಹಿಡಿದ ಕಿಲುಬು

ಮಳೆಗಾಲದ ಒಂದು ಮುಂಜಾನೆಯನ್ನು ಊಹಿಸಿಕೊಳ್ಳೋಣ. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಮೊದಲ ಪಾಳಿಗೆ ಹೊರಟ ನೌಕರನೊಬ್ಬನು ತನ್ನ ಹಳೆಯ ಮಾರುತಿ ಕಾರಿನಲ್ಲಿ ಕುಳಿತು ಬೀಗದ ಕೈ ತಿರುಗಿಸುತ್ತಾನೆ. ‘ಟಕ್’ ಎಂಬ ಸದ್ದಲ್ಲದೆ ಬೇರೇನೂ ಇಲ್ಲ. ದೀಪ ಹಾಕಿ ನೋಡಿದರೆ ಅದು ಚೆನ್ನಾಗಿಯೇ ಉರಿಯುತ್ತದೆ. ‘ಬ್ಯಾಟರಿಯ ಆಯುಸ್ಸು ಮುಗಿಯಿತು’ ಎಂದು ನೆರೆಯವರು ತೀರ್ಪು ಕೊಡುತ್ತಾರೆ. ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿಯನ್ನು ಕೂರಿಸಿದರೂ ಅದೇ ‘ಟಕ್’! ಹಾಗಾದರೆ ತಪ್ಪು ಯಾರದು? ಮೋಟಾರು ತಿರುಗದಿರುವಾಗ ದೀಪ ಮಾತ್ರ ಉರಿಯುವುದು ಹೇಗೆ? ಈ ಒಗಟನ್ನು ಬಿಡಿಸಿದರೆ ರೋಗವೂ ಮದ್ದೂ ಒಟ್ಟಿಗೆ ತಿಳಿಯುತ್ತವೆ.

ತಂತಿಯಲ್ಲಿ ನಷ್ಟವಾಗುವ ವೋಲ್ಟುಗಳು ಅದರ ರೋಧವನ್ನು ಮಾತ್ರವಲ್ಲದೆ ಅದರಲ್ಲಿ ಹರಿಯುವ ಪ್ರವಾಹವನ್ನೂ ಅವಲಂಬಿಸಿವೆ. ಜರ್ಮನಿಯ ಗೇಯಾರ್ಗ್ ಓಮನು ೧೮೨೭ರಲ್ಲಿ ಪ್ರಕಟಿಸಿದ ನಿಯಮವಿದು. ಬ್ಯಾಟರಿಯ ಸಂಧಿಯಲ್ಲಿ ಕಿಲುಬು ಹಿಡಿದು ೦.೦೩ ಓಮಿನಷ್ಟು ರೋಧ ಉಂಟಾಗಿದೆಯೆನ್ನೋಣ. ಮುಂಭಾಗದ ಎರಡು ದೀಪಗಳಿಗೆ ಬೇಕಾದುದು ಸುಮಾರು ೧೦ ಆಂಪಿಯರ್. ಆಗ ನಷ್ಟ ೦.೩ ವೋಲ್ಟು ಮಾತ್ರ. ಅದು ಕಣ್ಣಿಗೆ ಕಾಣುವಂಥದಲ್ಲ. ಆದರೆ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರು ೧೦೦ ಆಂಪಿಯರಿಗೂ ಹೆಚ್ಚು ಬೇಡುತ್ತದೆ. ನೂರು ಆಂಪಿಯರಿಗೇ ೩ ವೋಲ್ಟು ನಷ್ಟ! ಹನ್ನೆರಡರಲ್ಲಿ ಕಾಲು ಭಾಗ ದಾರಿಯಲ್ಲೇ ಸೋರಿಹೋಯಿತು. ಸೋರಿದ್ದು ಮಾಯವಾಗುವುದಿಲ್ಲ, ೩೦೦ ವ್ಯಾಟಿನ ಶಾಖವಾಗಿ ಆ ಸಂಧಿಯನ್ನೇ ಸುಡುತ್ತದೆ.

ಇನ್ನು ಕಿಲುಬು ಹುಟ್ಟುವ ಬಗೆ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ೧೮೫೯ರಲ್ಲಿ ರಚಿಸಿದ ಸೀಸ–ಗಂಧಕಾಮ್ಲದ ವಿದ್ಯುತ್ಕೋಶವೇ ಇಂದಿನ ಕಾರಿನ ಬ್ಯಾಟರಿಯ ಮೂಲ. ಅದಕ್ಕೆ ವಿದ್ಯುತ್ತನ್ನು ತುಂಬುವಾಗ ಒಳಗಿನ ನೀರು ಸ್ವಲ್ಪ ಸ್ವಲ್ಪವಾಗಿ ವಿಭಜನೆಗೊಂಡು ಜಲಜನಕ ಮತ್ತು ಆಮ್ಲಜನಕದ ಗುಳ್ಳೆಗಳು ಮೇಲೇಳುತ್ತವೆ. ಅವುಗಳೊಡನೆ ಹೊರಬೀಳುವ ಆಮ್ಲದ ಸೂಕ್ಷ್ಮ ಹನಿಗಳು ಸಂಧಿಯ ಮೇಲೆ ಕೂರುತ್ತವೆ. ಸೀಸದ ಮೇಲೆ ಬಿಳಿಯ ಹುಡಿ ಬೆಳೆಯುತ್ತದೆ. ತಾಮ್ರದ ಮೇಲೆ ನೀಲಿ ಹುಡಿ. ಈ ನೀಲಿ ಹುಡಿ ಮಲೆನಾಡಿನ ಅಡಕೆ ಬೆಳೆಗಾರರಿಗೆ ಹೊಸದಲ್ಲ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಸುಣ್ಣದೊಡನೆ ಬೆರೆಸುವ ಮೈಲುತುತ್ತವೇ ಅದು! ಅಷ್ಟೇ ಅಲ್ಲ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಕೇಬಲ್ಲಿನ ಸಣ್ಣ ಎಳೆಗಳು ಆಮ್ಲವನ್ನು ಒಳಕ್ಕೆ ಹೀರಿಕೊಳ್ಳುತ್ತವೆ. ಆದುದರಿಂದ ಹೊರಗಿನ ಹುಡಿಯನ್ನು ಉಜ್ಜಿ ತೆಗೆದರೂ ರಬ್ಬರಿನ ಹೊದಿಕೆಯೊಳಗೆ ಎಳೆಗಳು ಕೊಳೆಯುತ್ತಲೇ ಇರಬಹುದು.

ರೋಗಪರೀಕ್ಷೆ ಸುಲಭ. ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಬೇಕು. ವೋಲ್ಟ್‌ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನ ಗೂಟದ ಮೇಲೆ, ಕ್ಲಾಂಪಿನ ಮೇಲಲ್ಲ, ಇಟ್ಟು ಇನ್ನೊಂದನ್ನು ಸ್ಟಾರ್ಟರಿನಲ್ಲಿ ಕೇಬಲ್ಲು ಸೇರುವ ತಿರುಪಿಗೆ ಮುಟ್ಟಿಸಿ, ಮತ್ತೊಬ್ಬರಿಂದ ಕೀಲಿ ತಿರುಗಿಸಬೇಕು. ಮೀಟರು ತೋರಿಸುವುದೇ ದಾರಿಯ ನಷ್ಟ. ಅದು ಅರ್ಧ ವೋಲ್ಟಿಗಿಂತ ಹೆಚ್ಚಾದರೆ ಸಂಶಯಪಡಬೇಕು. ಋಣ ಗೂಟಕ್ಕೂ ಎಂಜಿನ್ನಿನ ಮೈಗೂ ನಡುವೆ ಇದೇ ರೀತಿ ನೋಡಿದಾಗ ೦.೨ ವೋಲ್ಟಿಗಿಂತ ಹೆಚ್ಚಿರಬಾರದು. ಹೊಸ ಬ್ಯಾಟರಿಯನ್ನು ಕೊಳ್ಳುವ ಮೊದಲು ಈ ಎರಡು ನಿಮಿಷಗಳನ್ನು ವ್ಯಯಿಸುವುದು ಲಾಭಕರ.

ತಂತಿ ಬದಲಿಸುವಾಗ ಕ್ರಮವೇ ಪ್ರಾಣ. ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಬೇಕು. ಜಲಜನಕವಿರುವೆಡೆ ಬೀಡಿ, ಬೆಂಕಿ ಸಲ್ಲದು. ಕಾರಿನ ಮೈಗೆ ಸೇರಿದ ತಂತಿಯನ್ನು, ಸಾಮಾನ್ಯವಾಗಿ ಋಣ ತಂತಿಯನ್ನು, ಮೊದಲು ಬಿಚ್ಚಬೇಕು. ಏಕೆ? ಅದು ಇರುವಾಗ ಧನ ಗೂಟವನ್ನು ಸಡಿಲಿಸುವ ಸ್ಪ್ಯಾನರು ಎಲ್ಲಾದರೂ ಕಾರಿನ ಮೈಗೆ ತಾಗಿದರೆ ಬ್ಯಾಟರಿಯ ಪೂರ್ಣ ಶಕ್ತಿ ಆ ಸ್ಪ್ಯಾನರಿನ ಮೂಲಕವೇ ನುಗ್ಗುತ್ತದೆ. ಮರಳಿ ಜೋಡಿಸುವಾಗ ಅದೇ ತಂತಿ ಕಡೆಯದು. ಕೈಚೀಲ ತೊಟ್ಟು, ನೀರಿನಲ್ಲಿ ಕರಗಿಸಿದ ಅಡಿಗೆ ಸೋಡದಿಂದ ಗೂಟಗಳನ್ನು ತೊಳೆದರೆ ಆಮ್ಲವು ನೊರೆಗಟ್ಟಿ ಶಮನವಾಗುತ್ತದೆ. ಈ ನೀರು ಬ್ಯಾಟರಿಯೊಳಕ್ಕೆ ಇಳಿಯಬಾರದು. ಮೈಗೆ ತಂತಿ ಸೇರುವೆಡೆಯ ಬಣ್ಣ, ತುಕ್ಕುಗಳನ್ನೂ ಉಜ್ಜಬೇಕು.

ಹೊಸ ಕೇಬಲ್ಲು ಹಳೆಯದಕ್ಕಿಂತ ತೆಳ್ಳಗಿರಕೂಡದು. ವ್ಯಾಸ ಅರ್ಧವಾದರೆ ರೋಧ ನಾಲ್ಮಡಿ. ೨೫ ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿ ಒಂದು ಮೀಟರಿಗೆ ಸುಮಾರು ೦.೦೦೦೭ ಓಮ್ ರೋಧವನ್ನಷ್ಟೇ ಒಡ್ಡುತ್ತದೆ. ತುದಿಯ ಲಗ್ಗನ್ನು ಸುತ್ತಿಗೆಯಿಂದ ಜಜ್ಜದೆ, ತಕ್ಕ ಸಾಧನದಿಂದ ಒತ್ತಿಸಬೇಕು. ಕೇಬಲ್ಲು ತಗಡಿನ ಅಂಚಿಗೆ ಉಜ್ಜದಂತೆ ಸಾಗಬೇಕು; ಅನೇಕ ಹಳೆಯ ಕಾರುಗಳಲ್ಲಿ ಸ್ಟಾರ್ಟರಿನ ದಾರಿಗೆ ಫ್ಯೂಸಿನ ಕಾವಲಿಲ್ಲ. ಬಿಗಿಮಾಡಿದ ಮೇಲೆ ಸಂಧಿಗೆ ವ್ಯಾಸಲಿನ್ ಸವರಿ, ಮತ್ತೊಮ್ಮೆ ಅಳೆದು ನೋಡುವುದು ಒಳಿತು.

ಬೊಮ್ಮಸಂದ್ರಕ್ಕೆ ಈ ವಿಷಯ ಇನ್ನೊಂದು ಬಗೆಯಲ್ಲಿಯೂ ಹತ್ತಿರದ್ದು. ೨೦೦೧ರಲ್ಲಿ ಮಾರುಕಟ್ಟೆಗೆ ಬಂದು, ಮುಂದೆ ಲಂಡನ್ನಿನ ಬೀದಿಗಳಲ್ಲಿಯೂ ಓಡಿದ ‘ರೇವಾ’ ವಿದ್ಯುತ್ ಕಾರು ತಯಾರಾದುದು ಇಲ್ಲಿಯೇ. ಅದರ ಮುಂದಿನ ಆಸನಗಳಡಿಯಲ್ಲಿ ೬ ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು ಸಾಲಾಗಿ ಜೋಡಣೆಗೊಂಡು ೪೮ ವೋಲ್ಟು ನೀಡುತ್ತಿದ್ದವು. ಎಂಟು ಬ್ಯಾಟರಿಗಳೆಂದರೆ ಹದಿನಾರು ಗೂಟಗಳು. ಎಲ್ಲದರ ಮೂಲಕವೂ ಹರಿಯುವುದು ಒಂದೇ ಪ್ರವಾಹವಾದುದರಿಂದ, ಒಂದು ಸಂಧಿ ಕಿಲುಬಿದರೂ ಇಡೀ ಕಾರಿಗೆ ಬಳಲಿಕೆ. ಇಂಥ ಕಾರಿನಲ್ಲಿ ಒಂದು ತಂತಿಯನ್ನು ಬಿಚ್ಚಿದ ಮಾತ್ರಕ್ಕೆ ಅಪಾಯ ನೀಗದು. ಅದನ್ನು ಬಲ್ಲವರಿಗೇ ಬಿಡತಕ್ಕದ್ದು.

ಸಾಲವೆತ್ತಿ ಕೊಂಡ ಹೊಸ ಬ್ಯಾಟರಿಗಿಂತ ಅಳೆದು ಬದಲಿಸಿದ ಒಂದು ಮೊಳ ತಂತಿ ಎಷ್ಟೋ ಸಲ ಹೆಚ್ಚಿನ ಉಪಕಾರ ಮಾಡುತ್ತದೆ. ನಮ್ಮ ನೌಕರನು ನಾಳೆ ಪಾಳಿಗೆ ಸಕಾಲಕ್ಕೆ ತಲಪುವನೆಂದು ಆಶಿಸೋಣ.